ಎಂಟು ಎಣಿಕೆಯ ಟೇಪು

ನನ್ನ ಪಾಲಿಗೆ ಬೀ ಜೀಸ್ ತಂಡದ ‘ನೈಟ್ ಫೀವರ್’ ಹಾಡಿನಲ್ಲಿ ಮುಕ್ಕಾಲು ಸೆಕೆಂಡು ಇಲ್ಲ. ಹಾಡು ಅರ್ಧ ದಾಟುವ ಹೊತ್ತಿಗೆ ಒಂದು ಸಣ್ಣ ಎಗರು. ಬೇರೆ ಯಾರಿಗೂ ಅದು ಕೇಳಿಸುವುದಿಲ್ಲ. ಅದು ಹಾಡಿನಲ್ಲಿ ಇರಲಿಲ್ಲ, ಶಿವಮೊಗ್ಗದ ನಮ್ಮ ಮಾವನ ಮನೆಯ ಕ್ಯಾಸೆಟ್ಟಿನಲ್ಲಿತ್ತು.

ತೊಂಬತ್ತು ನಿಮಿಷದ ಕ್ಯಾಸೆಟ್. ಮಾವ ಬೆಂಗಳೂರಿಗೆ ಹೋಗಿದ್ದಾಗ ರೆಕಾರ್ಡಿಂಗ್ ಅಂಗಡಿಯೊಂದರಲ್ಲಿ ಎಲ್‌ಪಿಯಿಂದ ತುಂಬಿಸಿಕೊಂಡು ಬಂದಿದ್ದರು. ಖಾಲಿ ಕ್ಯಾಸೆಟ್ಟಿಗೆ ಒಂದು ರೇಟು, ತುಂಬಿಸಿಕೊಡೋದಕ್ಕೆ ಇನ್ನೊಂದು ರೇಟು, ಆಗೆಲ್ಲ ಹಾಗೇ ಅಲ್ವಾ. ಮೇಲೆ ನೀಲಿ ಪೆನ್ನಿನಲ್ಲಿ ಮಾವನ ದುಂಡು ಅಕ್ಷರ: ‘ಸ್ಯಾಟರ್ಡೇ ನೈಟ್ ಫೀವರ್’. ಇಂಗ್ಲಿಷ್ ಸಿನಿಮಾದ ಹೆಸರನ್ನು ಕನ್ನಡದಲ್ಲಿ ಬರೆದದ್ದನ್ನು ನಾನು ಮೊದಲು ನೋಡಿದ್ದು ಅಲ್ಲೇ.

ನನಗಾಗ ಹನ್ನೆರಡು ವರ್ಷ, ಬೇಸಿಗೆ ರಜೆ. ಹಾಡಿನ ಒಂದು ಸಾಲೂ ಅರ್ಥವಾಗುತ್ತಿರಲಿಲ್ಲ. ಆದರೂ ಬೆಳಿಗ್ಗೆ ತಿಂಡಿ ಆದ ಮೇಲೆ ಟೂ-ಇನ್-ವನ್ ಮುಂದೆ ಕೂತರೆ ಮಧ್ಯಾಹ್ನದ ಊಟಕ್ಕೆ ಅತ್ತೆ ಎರಡು ಸಲ ಕರೆಯಬೇಕಿತ್ತು. ಒಂದು ದಿನ ಅದು ಟೇಪನ್ನು ನುಂಗಿತು. ಮುಚ್ಚಳ ತೆಗೆದರೆ ಕಂದು ಬಣ್ಣದ ಟೇಪು ಸುಕ್ಕುಸುಕ್ಕಾಗಿ ರೋಲರಿಗೆ ಸುತ್ತಿಕೊಂಡಿದೆ. ನಾನು ಅಳುವುದೊಂದು ಬಾಕಿ. ಸಂಜೆ ಮಾವ ಬಂದರು, ಬೈಯಲಿಲ್ಲ. ಕನ್ನಡಕ ಹಾಕಿಕೊಂಡರು, ಶೇವಿಂಗ್ ಬ್ಲೇಡ್ ತಗೊಂಡು ಸುಕ್ಕಾದ ಎರಡು ಬೆರಳಗಲ ಜಾಗವನ್ನು ಓರೆಯಾಗಿ ಕತ್ತರಿಸಿದರು. ಎರಡೂ ತುದಿ ಸೇರಿಸಿ ಹಿಂದಿನಿಂದ ಸಣ್ಣ ಸೆಲೋಟೇಪ್ ಚೂರು ಅಂಟಿಸಿ, ಅಂಚಿಗೆ ಹೊರಬಂದದ್ದನ್ನು ಮತ್ತೆ ಬ್ಲೇಡಿನಿಂದ ಸವರಿದರು. “ಓರೆಯಾಗಿ ಯಾಕೆ ಮಾವ?” ಅಂತ ಕೇಳಿದೆ. “ನೇರ ಕತ್ತರಿಸಿದ್ರೆ ಟಪ್ ಅಂತ ಸದ್ದು ಬರತ್ತೆ ಕಣೋ. ಓರೆ ಮಾಡಿದ್ರೆ ಒಂದರೊಳಗೆ ಒಂದು ಜಾರಿಕೊಳ್ಳತ್ತೆ” ಅಂದರು.

ಕ್ಯಾಸೆಟ್ ಟೇಪು ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಓಡುತ್ತದೆ. ಎರಡು ಬೆರಳಗಲ ಅಂದರೆ ಮುಕ್ಕಾಲು ಸೆಕೆಂಡು. ಟೇಪು ಒಂದೇ, ಬದಿ ಎರಡು. ಹಾಗಾಗಿ ತಿರುಗಿಸಿ ಹಾಕಿದರೆ ಅದೇ ಗಾಯ ಇನ್ನೊಂದು ಬದಿಯ ಕೊನೆಯ ಹಾಡು ‘ಡಿಸ್ಕೋ ಇನ್‌ಫರ್ನೋ’ದ ಹೊಟ್ಟೆಯಲ್ಲಿ ಬರುತ್ತಿತ್ತು. ಸುಮಾರು ಹನ್ನೊಂದು ನಿಮಿಷದ ಹಾಡು ಅದು. ಅಷ್ಟು ಉದ್ದದಲ್ಲಿ ಒಂದು ಸಣ್ಣ ಎಡವು ಯಾವ ಲೆಕ್ಕ ಅನಿಸಬಹುದು. ನನಗೆ ಮಾತ್ರ ಎರಡೂ ಕಡೆ ಅದು ಬರುವ ಮುಂಚೆಯೇ ಗೊತ್ತಾಗುತ್ತಿತ್ತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಎಷ್ಟೋ ವರ್ಷಗಳ ನಂತರ ಈ ಸಿನಿಮಾ ಹಾಡುಗಳ ಆಲ್ಬಮ್ ಹೇಗೆ ತಯಾರಾಯಿತು ಅಂತ ಓದುವಾಗ ಮಾವನ ಬ್ಲೇಡು ನೆನಪಾಗಿ ಮೈ ಜುಮ್ಮೆಂದಿತು. ‘ಸ್ಟೇಯಿಂಗ್ ಅಲೈವ್’ ಹಾಡಿನ ಡ್ರಮ್ಮು ಯಾರೂ ಆ ಹಾಡಿಗಾಗಿ ಬಾರಿಸಿದ್ದಲ್ಲ. ಅದು ಕತ್ತರಿಸಿ ಅಂಟಿಸಿದ ಟೇಪು.

1977ರ ಶುರುವಿನಲ್ಲಿ ಬೀ ಜೀಸ್ ತಂಡ ಫ್ರಾನ್ಸಿನಲ್ಲಿತ್ತು. ಪ್ಯಾರಿಸ್ ಹತ್ತಿರ ಎರೂವಿಲ್ ಎಂಬ ಹಳ್ಳಿ, ಅಲ್ಲೊಂದು ಹಳೇ ಬಂಗಲೆ, ಅದರೊಳಗೆ ಸ್ಟುಡಿಯೋ. ಎಲ್ಟನ್ ಜಾನ್, ಡೇವಿಡ್ ಬೋವಿ ಮೊದಲೇ ಅಲ್ಲಿ ರೆಕಾರ್ಡ್ ಮಾಡಿ ಹೋಗಿದ್ದರು. ಅಣ್ಣತಮ್ಮಂದಿರು ಮೂವರು: ಬ್ಯಾರಿ, ರಾಬಿನ್, ಮಾರಿಸ್ ಗಿಬ್. ಕೊನೆಯ ಇಬ್ಬರು ಅವಳಿಗಳು. ತಮ್ಮದೇ ಹೊಸ ಆಲ್ಬಮ್ಮಿಗೆ ಹಾಡು ಕಟ್ಟುತ್ತಿದ್ದರು. ಅವರ ಮ್ಯಾನೇಜರ್ ರಾಬರ್ಟ್ ಸ್ಟಿಗ್‌ವುಡ್ ಒಂದು ಸಿನಿಮಾ ಮಾಡಲು ಹೊರಟಿದ್ದ, ಅದಕ್ಕೆ ಹಾಡು ಬೇಕು ಅಂದ. ಸಿನಿಮಾ ನ್ಯೂಯಾರ್ಕಿನದು, ಡಿಸ್ಕೋ ಕ್ಲಬ್ಬಿನದು. ಹಾಡು ಕಟ್ಟುತ್ತಿದ್ದವರು ಚಳಿಗಾಲದಲ್ಲಿ ಫ್ರಾನ್ಸಿನ ಹಳ್ಳಿಯಲ್ಲಿ ಕೂತಿದ್ದರು, ಸಿನಿಮಾ ನೋಡಿರಲಿಲ್ಲ.

ಅಷ್ಟರಲ್ಲಿ ಡ್ರಮ್ಮರ್ ಡೆನ್ನಿಸ್ ಬ್ರಯನ್ ಅವರಿಗೆ ಮನೆಯಿಂದ ಕೆಟ್ಟ ಸುದ್ದಿ ಬಂತು, ವೇಲ್ಸಿಗೆ ಹೊರಟುಹೋದರು. ಹಾಡು ನಿಂತಿತು. ಆರ್ಗನ್ ಜೊತೆ ಬರುವ ತಾಳದ ಪೆಟ್ಟಿಗೆ ಹಾಕಿ ನೋಡಿದರು, ಸರಿಹೋಗಲಿಲ್ಲ. ಆಗ ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಆಲ್ಬೀ ಗ್ಯಾಲ್ಯೂಟನ್ ಮತ್ತು ಕಾರ್ಲ್ ರಿಚರ್ಡ್‌ಸನ್ ಒಂದು ಉಪಾಯ ಮಾಡಿದರು. ‘ನೈಟ್ ಫೀವರ್’ ಆಗಲೇ ರೆಕಾರ್ಡ್ ಆಗಿತ್ತು. ಅದರ ಡ್ರಮ್ಮಿನಿಂದ ತುಂಬ ಚೆನ್ನಾಗಿ ಬಂದಿದ್ದ ಎರಡು ಬಾರ್ ಆರಿಸಿ ಇನ್ನೊಂದು ಟೇಪಿಗೆ ಇಳಿಸಿಕೊಂಡು, ಅದರ ತಲೆಗೆ ಬಾಲ ಅಂಟಿಸಿ ಬಳೆ ಮಾಡಿದರು. ಅಷ್ಟು ಉದ್ದದ ಬಳೆ ಮೆಷಿನ್ನಿನೊಳಗೆ ಹಿಡಿಯುವುದಿಲ್ಲವಲ್ಲ, ಅದಕ್ಕೆ ಮೈಕ್ ಸ್ಟ್ಯಾಂಡಿನ ಮೇಲಿಂದ ಹಾಯಿಸಿ, ಬಿಗಿಯಾಗಿರಲಿ ಅಂತ ಒಂದು ಪ್ಲಾಸ್ಟಿಕ್ ರೀಲನ್ನು ತೂಗುಬಿಟ್ಟರು. ಟೇಪು ಸುತ್ತುತ್ತಾ ಹೋಯಿತು, ಅದರ ಮೇಲೆ ಹಾಡು ಕಟ್ಟಿದರು.

ಎರಡು ಬಾರ್ ಅಂದರೆ ಎಂಟು ಎಣಿಕೆ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಆದಿತಾಳದ ಒಂದು ಆವರ್ತ. ಸಂಗೀತ ಪಾಠಕ್ಕೆ ಹೋದ ಯಾರಿಗಾದರೂ ಗೊತ್ತು, ಒಂದು ಆವರ್ತ ಸರಿಯಾಗಿ ಹಾಕುವುದು ಕಷ್ಟವಲ್ಲ, ಅದನ್ನೇ ಐದು ನಿಮಿಷ ಒಂದಿಷ್ಟೂ ಓಡದೆ, ಎಳೆಯದೆ ಹಾಕುವುದು ಕಷ್ಟ. ಮನುಷ್ಯನ ಕೈ ಚರಣ ಮುಗಿಯುವಾಗ ಸ್ವಲ್ಪ ಮುಂದೆ ಓಡುತ್ತದೆ, ಖುಷಿಯಾದರೆ ಜೋರಾಗುತ್ತದೆ, ದಣಿದರೆ ಜಗ್ಗುತ್ತದೆ. ಟೇಪಿನ ಬಳೆಗೆ ದಣಿವಿಲ್ಲ. ಆದರೆ ಆ ಎಂಟು ಎಣಿಕೆ ಮೆಷಿನ್ ಬಾರಿಸಿದ್ದೂ ಅಲ್ಲ, ಕೋಲು ಹಿಡಿದ ಒಬ್ಬ ಮನುಷ್ಯ ಬಾರಿಸಿದ್ದು. ಪೆಟ್ಟುಗಳ ನಡುವೆ ಅವನ ಕೈಯ ಸಣ್ಣ ಸೊಟ್ಟು ಹಾಗೇ ಉಳಿದಿದೆ, ಪ್ರತಿ ಸುತ್ತಿನಲ್ಲೂ ಅದೇ ಸೊಟ್ಟು ಅದೇ ಜಾಗದಲ್ಲಿ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು, ಹಾಡುವ ದನಿಗಳನ್ನು ಬಿಟ್ಟು ಬರೀ ಡ್ರಮ್ಮನ್ನೇ ಹಿಂಬಾಲಿಸಿ ನೋಡಿ. ಮೊದಲ ಸುತ್ತಿನಲ್ಲೇ ಒಂಥರಾ ನಡಿಗೆ ಸಿಗುತ್ತದೆ. ಆಮೇಲೆ ಆ ನಡಿಗೆ ನಿಲ್ಲುವುದೇ ಇಲ್ಲ. ಹಾಡು ಕೊನೆಗೂ ಮುಗಿಯುವುದಿಲ್ಲ, ಸುಮ್ನೆ ದೂರ ಹೋಗುತ್ತದೆ.

ಆಲ್ಬಮ್ಮಿನಲ್ಲಿ ಡ್ರಮ್ಮರ್ ಹೆಸರು ಹಾಕಬೇಕಿತ್ತಲ್ಲ, ‘ಬರ್ನಾರ್ಡ್ ಲೂಪ್’ ಅಂತ ಹಾಕಿದರು. ಲೂಪ್ ಅಂದರೆ ಆ ಬಳೆಯೇ. ಅದೇ ಬಳೆಯನ್ನು ‘ಮೋರ್ ದ್ಯಾನ್ ಎ ವುಮನ್’ ಹಾಡಿಗೂ ಬಳಸಿದರು. 1980ರಲ್ಲಿ ಬಾರ್ಬ್ರಾ ಸ್ಟ್ರೈಸಂಡ್ ಹಾಡಿದ ‘ವುಮನ್ ಇನ್ ಲವ್’ಗೂ ಅದೇ ಬಂತು. ಡೆನ್ನಿಸ್ ಬ್ರಯನ್ ಒಂದು ಸಲ ಬಾರಿಸಿದ ಎಂಟು ಎಣಿಕೆ ಎಲ್ಲೆಲ್ಲಿ ಹೋಯಿತು ನೋಡಿ.

ಈ ಆಲ್ಬಮ್ ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿರುವುದು ಇದಕ್ಕೇ. ಕೆಳಗೆ ದಣಿಯದ ತಾಳ. ಮೇಲೆ ದಣಿದ ಮನುಷ್ಯರು. ‘ಸ್ಟೇಯಿಂಗ್ ಅಲೈವ್’ ಕುಣಿಯುವ ಹಾಡು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಅದು ಬದುಕಿ ಉಳಿಯುವುದರ ಬಗ್ಗೆ ಇರುವ ಹಾಡು. ದೊಡ್ಡ ಊರೊಂದು ತಳ್ಳುತ್ತಿರುವಾಗ ಬೀಳದೆ ನಿಂತಿರುವವನ ಮಾತು, ನಡುವೆ ಸಹಾಯ ಕೇಳುವ ಕೂಗೂ ಇದೆ. ನನಗೆ ಇಂಗ್ಲಿಷ್ ಅರ್ಥವಾಗುವ ವಯಸ್ಸಿಗೆ ಇದು ಗೊತ್ತಾದಾಗ ಆಶ್ಚರ್ಯವಾಗಲಿಲ್ಲ, ದನಿಯಲ್ಲೇ ಇತ್ತಲ್ಲ. ಬ್ಯಾರಿ ಗಿಬ್ ಅಷ್ಟು ಎತ್ತರದ ಕಳ್ಳದನಿಯಲ್ಲಿ ಹಾಡುವುದನ್ನು 1975ರಲ್ಲಿ ‘ನೈಟ್ಸ್ ಆನ್ ಬ್ರಾಡ್‌ವೇ’ ರೆಕಾರ್ಡಿಂಗಿನಲ್ಲಿ ಕಂಡುಕೊಂಡರು. ನಿರ್ಮಾಪಕ ಆರಿಫ್ ಮಾರ್ಡಿನ್ ಯಾರಾದರೂ ರಾಗವಾಗಿ ಕಿರುಚಬಹುದಾ ಅಂತ ಕೇಳಿದ್ದರು, ಆಗ ಹೊರಬಂದದ್ದು ಆ ದನಿ. ಹುಟ್ಟುವಾಗಲೇ ಅದು ಕೂಗು. ಆಮೇಲೆ ಅದರ ಮೇಲೆ ತಮ್ಮಂದಿರ ದನಿ ಕೂಡಿಸಿ ಮೆತ್ತಗೆ ಮಾಡಿದರು. ಆದರೂ ಒಳಗೆ ಆ ಕೂಗು ಕೇಳುತ್ತಲೇ ಇರುತ್ತದೆ.

ಸಿನಿಮಾ ನಾನು ನೋಡಿದ್ದು ತುಂಬ ತಡವಾಗಿ, ಕೆಲಸಕ್ಕೆ ಸೇರಿದ ಮೇಲೆ. ಬಿಳಿ ಸೂಟು, ಬೆರಳು ಆಕಾಶಕ್ಕೆ ಎತ್ತಿದ ಪೋಸು, ಕೆಳಗೆ ಮಿನುಗುವ ನೆಲ, ಪೋಸ್ಟರಿನಲ್ಲಿ ಅದೇ ತಾನೇ ಕಾಣುವುದು. ಆದರೆ ಸಿನಿಮಾ ಶುರುವಾಗುವುದು ಪೇಂಟ್ ಡಬ್ಬದಿಂದ. ಜಾನ್ ಟ್ರವೋಲ್ಟಾ ಮಾಡಿದ ಟೋನಿ ಮನೇರೋ, ಹತ್ತೊಂಬತ್ತು ವರ್ಷದ ಹುಡುಗ, ಹಾರ್ಡ್‌ವೇರ್ ಅಂಗಡಿಯ ಕೆಲಸದವನು. ಬ್ರೂಕ್ಲಿನ್ನಿನ 86ನೇ ಸ್ಟ್ರೀಟಿನಲ್ಲಿ, ತಲೆ ಮೇಲೆ ರೈಲು ಹೋಗುವ ರಸ್ತೆಯಲ್ಲಿ, ಪೇಂಟ್ ಡಬ್ಬ ಬೀಸುತ್ತಾ ನಡೆಯುತ್ತಾನೆ. ಆ ಎಂಟು ಎಣಿಕೆಯ ಟೇಪು ಅವನ ಕಾಲ ಕೆಳಗೆ ಸುತ್ತುತ್ತಿದೆ. ರಾಜನ ಹಾಗೆ ನಡೆಯುತ್ತಾನೆ, ಕೈಯಲ್ಲಿ ಗಿರಾಕಿಯ ಪೇಂಟು. ಹಾಡೂ ಹುಡುಗನೂ ಒಂದೇ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮನೆಯಲ್ಲಿ ಅಪ್ಪನಿಗೆ ಕೆಲಸ ಹೋಗಿದೆ. ಮಗನಿಗೆ ಸಂಬಳ ನಾಲ್ಕು ಡಾಲರ್ ಜಾಸ್ತಿಯಾಗಿದೆ, ಅವನು ಖುಷಿಯಿಂದ ಹೇಳಿದರೆ ಅಪ್ಪ ಈಗಿನ ಕಾಲಕ್ಕೆ ನಾಲ್ಕು ಡಾಲರ್ ಎಲ್ಲಿಗಾಗುತ್ತೆ ಅಂತ ಚಿವುಟುತ್ತಾನೆ. ಅಣ್ಣ ಪಾದ್ರಿ, ಅಮ್ಮನಿಗೆ ಅವನೇ ದೇವರು. ಅವನೂ ಆ ಕೆಲಸ ಬಿಟ್ಟು ಮನೆಗೆ ಬರುತ್ತಾನೆ. ಸಿನಿಮಾ ಸಿಹಿಯಾಗಿಲ್ಲ. ಹುಡುಗಿಯರ ಜೊತೆ ಈ ಹುಡುಗರು ನಡೆದುಕೊಳ್ಳುವ ರೀತಿ ನೋಡಿದರೆ ಹೊಟ್ಟೆ ತೊಳೆಸುತ್ತದೆ. ಗೆಳೆಯನೊಬ್ಬ ಸೇತುವೆಯಿಂದ ಬಿದ್ದು ಸಾಯುತ್ತಾನೆ. ಡ್ಯಾನ್ಸ್ ಸ್ಪರ್ಧೆಯಲ್ಲಿ ಟೋನಿ ಗೆದ್ದರೂ, ಪೋರ್ಟೊ ರಿಕೋ ಮೂಲದ ಜೋಡಿ ತನಗಿಂತ ಚೆನ್ನಾಗಿ ಕುಣಿಯಿತು, ತನ್ನ ಮಂದಿ ತನ್ನನ್ನು ಗೆಲ್ಲಿಸಿದ್ದಾರೆ ಅಂತ ಗೊತ್ತಾಗಿ ಬಹುಮಾನವನ್ನು ಅವರ ಕೈಗೇ ಕೊಟ್ಟುಬಿಡುತ್ತಾನೆ. ಹಾಡುಗಳನ್ನಷ್ಟೇ ಕೇಳಿ ಬೆಳೆದ ನನಗೆ ಆ ಜಾಗದಲ್ಲಿ ಗಂಟಲು ಕಟ್ಟಿತು. ವಾರವೆಲ್ಲ ಡಬ್ಬ ಹೊರುವ ಹುಡುಗನಿಗೆ ಶನಿವಾರದ ಕೆಲವು ಗಂಟೆ ಮಾತ್ರ ತನ್ನದು, ಅದರಲ್ಲೂ ಒಂದು ಸುಳ್ಳು ಸೇರಿಕೊಂಡಿದೆ.

ಸುಳ್ಳು ಅಂದರೆ ನೆನಪಾಯಿತು. ಈ ಕಥೆಯ ಬೇರೇ ಒಂದು ಕಟ್ಟುಕಥೆ. 1976ರಲ್ಲಿ ನಿಕ್ ಕೋನ್ ಎಂಬ ಪತ್ರಕರ್ತ ನ್ಯೂಯಾರ್ಕ್ ಪತ್ರಿಕೆಯಲ್ಲಿ ಬ್ರೂಕ್ಲಿನ್ನಿನ ಡಿಸ್ಕೋ ಹುಡುಗರ ಬಗ್ಗೆ ನಿಜ ವರದಿ ಅಂತ ಒಂದು ಲೇಖನ ಬರೆದ. ಅದನ್ನು ಓದಿಯೇ ಸ್ಟಿಗ್‌ವುಡ್ ಸಿನಿಮಾ ಮಾಡಿದ್ದು. ಸುಮಾರು ಇಪ್ಪತ್ತು ವರ್ಷದ ನಂತರ ಕೋನ್ ತಾನೇ ಒಪ್ಪಿಕೊಂಡ, ಅದರ ನಾಯಕ ತಾನು ಕಲ್ಪಿಸಿಕೊಂಡವನು ಅಂತ. ಇನ್ನು ಶೂಟಿಂಗ್ ಶುರುವಾದಾಗ ಬೀ ಜೀಸ್ ಹಾಡುಗಳು ಬಂದಿರಲಿಲ್ಲ, ಸ್ಟೀವಿ ವಂಡರ್, ಬಾಝ್ ಸ್ಕ್ಯಾಗ್ಸ್ ಹಾಡಿಗೆ ಕುಣಿದೆವು ಅಂತ ಟ್ರವೋಲ್ಟಾ ಹೇಳಿದ್ದಾರೆ. ಇಲ್ಲದ ಹುಡುಗನ ಕಥೆ, ಬೇರೆ ಹಾಡಿಗೆ ಹಾಕಿದ ಹೆಜ್ಜೆ, ಊರಿಗೆ ಹೋದ ಡ್ರಮ್ಮರನ ತಾಳ. ಎಲ್ಲವೂ ತುಂಡು ತುಂಡು. ಯಾರೋ ಓರೆಯಾಗಿ ಕತ್ತರಿಸಿ, ಒಂದರೊಳಗೆ ಒಂದು ಜಾರುವ ಹಾಗೆ ಅಂಟಿಸಿದ್ದಾರೆ.

ಆಲ್ಬಮ್ ಬಂದದ್ದು 1977ರ ನವೆಂಬರಿನಲ್ಲಿ, ಸಿನಿಮಾ ಅದರ ಮುಂದಿನ ತಿಂಗಳು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಸಾಲಾಗಿ 24 ವಾರ ಮೊದಲ ಜಾಗದಲ್ಲಿ ಕೂತಿತು. ವರ್ಷದ ಆಲ್ಬಮ್ ಅಂತ ಗ್ರ್ಯಾಮಿಯೂ ಬಂತು. ಎರಡು ಎಲ್‌ಪಿ, 17 ಹಾಡು. ಎಲ್ಲವೂ ಒಂದೇ ಮಟ್ಟದವು ಅಂತ ನಾನು ಹೇಳುವುದಿಲ್ಲ. ಮೊದಲ ಬದಿಯ ಐದು ಹಾಡು ಮಾತ್ರ ಅಪ್ಪಟ ಚಿನ್ನ. ಆಮೇಲೆ ಬೀಥೋವನ್‌ನ ಐದನೇ ಸಿಂಫನಿಗೆ ವಾಲ್ಟರ್ ಮರ್ಫಿ ಡಿಸ್ಕೋ ತಾಳ ಹಾಕಿದ್ದು ಬರುತ್ತದೆ, ಅದನ್ನು ನಾಲ್ಕು ಸಲ ಕೇಳಿದರೆ ಸಾಕು. ಡೇವಿಡ್ ಶೈರ್ ಮಾಡಿದ ‘ಮ್ಯಾನ್‌ಹಟನ್ ಸ್ಕೈಲೈನ್’ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಬಹಳ ಇಷ್ಟ. ಹಾಡಿಲ್ಲ, ಬರೀ ವಾದ್ಯ. ಹೊಳೆಯಾಚೆ ದೀಪ ಹಚ್ಚಿಕೊಂಡಿರುವ ದೊಡ್ಡ ಊರನ್ನು ಈಚೆ ದಡದಿಂದ ನೋಡುತ್ತಾ ನಿಂತ ಹಾಗಾಗುತ್ತದೆ.

‘ಮೋರ್ ದ್ಯಾನ್ ಎ ವುಮನ್’ ಮಾತ್ರ ಎರಡು ಸಲ ಬರುತ್ತದೆ. ಒಂದು ಬೀ ಜೀಸ್ ಹಾಡಿದ್ದು, ಇನ್ನೊಂದು ಟವಾರೆಸ್ ತಂಡದ್ದು. ಟವಾರೆಸ್ ಕೂಡ ಅಣ್ಣತಮ್ಮಂದಿರು, ಐದು ಜನ. ಒಂದೇ ಹಾಡನ್ನು ಎರಡು ಮನೆಯ ಅಣ್ಣತಮ್ಮಂದಿರು ಹಾಡಿದ್ದಾರೆ! ಬೀ ಜೀಸ್ ಹಾಡಿದ್ದು ಗಾಜಿನ ಹಾಗೆ ನಯ, ಕೆಳಗೆ ಆ ಟೇಪಿನ ಬಳೆ. ಟವಾರೆಸ್ ಹಾಡಿದ್ದರಲ್ಲಿ ಎದೆಯ ಬಿಸಿ ಜಾಸ್ತಿ. ಚಿಕ್ಕವನಿದ್ದಾಗ ಮೊದಲನೆಯದೇ ಸರಿ, ಎರಡನೆಯದು ನಕಲು ಅಂದುಕೊಂಡು ಮುಂದೆ ಓಡಿಸುತ್ತಿದ್ದೆ. ಈಗ ಎರಡನೆಯದನ್ನೇ ಹೆಚ್ಚು ಹಾಕಿಕೊಳ್ಳುತ್ತೇನೆ. ಮೊದಲನೆಯವನು ಅವಳು ಸಿಕ್ಕರೆ ಹೇಗಿರುತ್ತದೆ ಅಂತ ಹಾಡುತ್ತಾನೆ, ಎರಡನೆಯವನಿಗೆ ಅವಳು ಆಗಲೇ ಗೊತ್ತು, ಹಾಗೆ ಅನಿಸುತ್ತದೆ.

ಇನ್ನೊಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಡಿಸ್ಕೋ ಬೀ ಜೀಸ್ ಅವರದಲ್ಲ, ಟೋನಿಯದೂ ಅಲ್ಲ. ಅದು ಬೆಳೆದದ್ದು ನ್ಯೂಯಾರ್ಕಿನ ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿ ಹುಡುಗರ ಕ್ಲಬ್ಬುಗಳಲ್ಲಿ, ಹೊರಗೆ ಎಲ್ಲೂ ನೆಮ್ಮದಿಯಿಂದ ಕೈ ಹಿಡಿದು ಕುಣಿಯಲಾಗದವರ ನಡುವೆ. ನಾಲ್ಕೂ ಎಣಿಕೆಗೆ ದೊಡ್ಡ ಡ್ರಮ್ಮಿನ ಪೆಟ್ಟು, ನಡುನಡುವೆ ಹೈ-ಹ್ಯಾಟ್ ತಟ್ಟೆಗಳ ‘ಛೀಸ್’ ಎನ್ನುವ ಉಸಿರು, ಈ ನಡೆಯನ್ನು ರೂಢಿಗೆ ತಂದವರು ಫಿಲಡೆಲ್ಫಿಯಾದ ಅರ್ಲ್ ಯಂಗ್ ಅಂತ ಬಲ್ಲವರೆಲ್ಲ ಒಪ್ಪುತ್ತಾರೆ. ಅವರು ಟ್ರ್ಯಾಂಪ್ಸ್ ತಂಡದವರು. ಅದೇ ತಂಡದ ‘ಡಿಸ್ಕೋ ಇನ್‌ಫರ್ನೋ’ ಈ ಆಲ್ಬಮ್ಮಿನ ಕೊನೆಯ ಹಾಡು. ಅಂದರೆ ಊರಿಗೆಲ್ಲ ಊಟ ಹಾಕಿ ಅಡುಗೆಯವರನ್ನು ಕೊನೆಯ ಪಂಕ್ತಿಗೆ ಕೂರಿಸಿದ ಹಾಗಾಯಿತು. ಸಿನಿಮಾ ಬಂದ ಮೇಲೆ ಡಿಸ್ಕೋ ಎಲ್ಲರ ಮನೆಗೂ ಹೋಯಿತು, ಜೊತೆಗೆ ಸಿಟ್ಟೂ ಬೆಳೆಯಿತು. 1979ರ ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿ ಅವತ್ತಿನ ಎರಡನೇ ಪಂದ್ಯವೇ ನಡೆಯಲಿಲ್ಲ. ರೆಕಾರ್ಡು ಸುಡಲು ಅಷ್ಟು ಜನ ಸೇರುತ್ತಾರೆ ಅಂದರೆ ಅವರ ಸಿಟ್ಟು ಬರೀ ತಾಳದ ಮೇಲೆ ಇರಲಿಲ್ಲ ಅಂತಲೇ ನನ್ನ ನಂಬಿಕೆ.

ನಮ್ಮ ಕಡೆಯ ಎಳೆಯೂ ಇದರಲ್ಲಿ ಒಂದಿದೆ. ಬೆಂಗಳೂರಲ್ಲಿ ಹುಟ್ಟಿದ ಕೊಡವರೊಬ್ಬರು, ಬಿದ್ದು ಅಪ್ಪಯ್ಯ, ಇಂಗ್ಲೆಂಡಿಗೆ ಹೋಗಿ ಈ ಸಿನಿಮಾಕ್ಕೂ ಮೂರು ವರ್ಷ ಮೊದಲೇ, 1974ರಲ್ಲಿ, ‘ಕುಂಗ್ ಫೂ ಫೈಟಿಂಗ್’ ಮಾಡಿ ಜಗತ್ತನ್ನೇ ಕುಣಿಸಿದ್ದರು. 1980ರಲ್ಲಿ ‘ಕುರ್ಬಾನಿ’ ಸಿನಿಮಾಕ್ಕೆ ನಾಝಿಯಾ ಹಸನ್ ಎಂಬ ಶಾಲೆಗೆ ಹೋಗುವ ಹುಡುಗಿಯಿಂದ ‘ಆಪ್ ಜೈಸಾ ಕೋಯಿ’ ಹಾಡಿಸಿದ್ದೂ ಅವರೇ. ಮಾವನ ಕ್ಯಾಸೆಟ್ಟಿನಲ್ಲಿ ಆಲ್ಬಮ್ ಮುಗಿದ ಮೇಲೆ ಆರೇಳು ನಿಮಿಷ ಟೇಪು ಉಳಿದಿತ್ತು. ಅಲ್ಲಿ ಅಂಗಡಿಯವರು ತಾವಾಗಿಯೇ ತುಂಬಿಸಿಕೊಟ್ಟಿದ್ದು ಇದೇ ಹಾಡು.

ಹೋದ ವರ್ಷ ನಮ್ಮ ಆಫೀಸಿನಲ್ಲಿ ಪ್ರಥಮ ಚಿಕಿತ್ಸೆ ಕಲಿಸಲು ಒಬ್ಬರು ಬಂದಿದ್ದರು. ನೆಲದ ಮೇಲೆ ರಬ್ಬರಿನ ಬೊಂಬೆ ಮಲಗಿಸಿ, ಎದೆಬಡಿತ ನಿಂತವರಿಗೆ ಎದೆ ಹೇಗೆ ಒತ್ತಬೇಕು ಅಂತ ತೋರಿಸಿದರು. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕಂತೆ. ಲೆಕ್ಕ ತಪ್ಪಬಾರದು ಅಂತ ಫೋನಿನಲ್ಲಿ ಒಂದು ಹಾಡು ಹಾಕಿದರು. ‘ಸ್ಟೇಯಿಂಗ್ ಅಲೈವ್’. ಅದರ ಓಟ ನಿಮಿಷಕ್ಕೆ 103ರ ಆಸುಪಾಸು, ಹಾಗಾಗಿ ಎಷ್ಟೋ ಕಡೆ ಡಾಕ್ಟರುಗಳು ಇದೇ ಹಾಡಿನಿಂದ ಕಲಿಸುತ್ತಾರೆ. ನನ್ನ ಸರದಿ ಬಂತು, ಮಂಡಿಯೂರಿ ಕೂತು ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಒತ್ತತೊಡಗಿದೆ. ಎರಡನೇ ನಿಮಿಷಕ್ಕೆ ತೋಳು ನಡುಗತೊಡಗಿತು, ಹಣೆಯ ಬೆವರು ಬೊಂಬೆಯ ಮೇಲೆ ಬೀಳುತ್ತಿತ್ತು. ಟೇಪಿನ ಬಳೆ ಮಾತ್ರ ಸುತ್ತುತ್ತಲೇ ಇತ್ತು. ಆ ಹಾಡಿನ ಜೊತೆ ಅಷ್ಟು ವರ್ಷ ಕಳೆದ ಮೇಲೆ ಮೊದಲ ಸಲ ಅದರ ಮಾತು ಎಷ್ಟು ನಿಜ ಅಂತ ನನ್ನ ತೋಳಿಗೆ ಗೊತ್ತಾಯಿತು.

ಮೊನ್ನೆ ಯುಗಾದಿಗೆ ಶಿವಮೊಗ್ಗಕ್ಕೆ ಹೋಗಿದ್ದೆ. ಮಾವನಿಗೆ ಈಗ ವಯಸ್ಸಾಗಿದೆ, ಒಂದು ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ ಜಗುಲಿಯಲ್ಲಿ ಕೂತಿದ್ದರು. ಹಳೇ ಕ್ಯಾಸೆಟ್ ಎಲ್ಲಿ ಅಂತ ಕೇಳಿದೆ. ಮನೆಗೆ ಸುಣ್ಣ ಹೊಡೆಸುವಾಗ ಹೋಯಿತು ಅಂದರು. ನಾನು ಫೋನಿನಲ್ಲಿ ಆಲ್ಬಮ್ ಹಾಕಿ, ಕೇಳಿಸುವ ಕಿವಿಯ ಕಡೆ ಕುರ್ಚಿಯ ತೋಳಿನ ಮೇಲಿಟ್ಟೆ. ಮೊದಲನೇ ಹಾಡು ಹೋಯಿತು, ಎರಡನೆಯದು ಹೋಯಿತು. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು, ನಿದ್ದೆ ಬಂತೇನೋ ಅಂದುಕೊಂಡೆ. ‘ನೈಟ್ ಫೀವರ್’ ಶುರುವಾದಾಗ ಬಲಗೈ ಬೆರಳು ಕುರ್ಚಿಯ ಮೇಲೆ ತಾಳ ಹಾಕತೊಡಗಿತು. ಹಾಡು ಅರ್ಧ ದಾಟಿತು. ಒಂದು ಕಡೆ ಬೆರಳು ಒಂದು ಪೆಟ್ಟು ಮೊದಲೇ ಬಿತ್ತು, ಆಮೇಲೆ ನಿಂತಿತು.

ಮಾವ ಕಣ್ಣು ತೆರೆದರು. “ಇಲ್ಲೇ ಅಲ್ವೇನೋ ನಾವು ಕತ್ತರಿಸಿದ್ದು?” ಅಂದರು.